ಗಾಳಿ ಸೋಕಿದ ಗಾಡಿ

ಕೋಟೆಗಳು ಏಕೆ ಒಡೆದವು, ರಾಜ್ಯಗಳು ಏಕೆ ಬಿದ್ದವು ಎಂಬುದಕ್ಕೆಲ್ಲ ಕಾರಣ ಬರೆದಿಡುವ ಜನ ಇದ್ದಾರೆ. ಕೊಟ್ಟೂರಿನ ಎಣ್ಣೆ ವ್ಯಾಪಾರಿ ಪ್ರವೀಣಕುಮಾರನ ಮೋಟಾರ್ ಸೈಕಲ್ಲು ಹರಪನಹಳ್ಳಿ ದಿಕ್ಕಿಗೆ ಮುಖ ಮಾಡಿದಾಗ ಮಾತ್ರ ಏಕೆ ನಿಂತುಬಿಡುತ್ತಿತ್ತು, ನಿಂತ ಮೇಲೆ ಎಷ್ಟು ಒದ್ದರೂ ಏಕೆ ಸ್ಟಾರ್ಟ್ ಆಗುತ್ತಿರಲಿಲ್ಲ ಎಂಬುದನ್ನು ಈವರೆಗೆ ಯಾರೂ ಬರೆದಿಲ್ಲ. ತೊಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ದಿಲ್ಲಿಯ ಸರಕಾರ ಬದಲಾಯಿತು. ನಮ್ಮ ಬಜಾರು ಅದನ್ನು ಒಂದು ಚಹಾ ಕುಡಿಯುವಷ್ಟು ಹೊತ್ತು ಮಾತಾಡಿ ಕೈಬಿಟ್ಟಿತು. ಪ್ರವೀಣಕುಮಾರನ ಗಾಡಿಯನ್ನು ಮಾತ್ರ ಮಳೆಗಾಲ ಬರುವವರೆಗೂ ಬಿಡಲಿಲ್ಲ.

ಗಾಡಿಯ ಕಂಪನಿಯ ಹೆಸರು ಬೇಡ, ಅದರದೇನೂ ತಪ್ಪಿರಲಿಲ್ಲ. ಕಪ್ಪು ಬಣ್ಣದ್ದು. ಟ್ಯಾಂಕಿನ ಮೇಲೆ ಹೊಳೆಯುವ ದುಂಡನೆಯ ಮುಚ್ಚಳ, ಅದರ ನಡುವೆ ತುಸು ಉಬ್ಬು. ಮದುವೆಯಲ್ಲಿ ಅದನ್ನು ಕೊಟ್ಟವರು ಹೆಣ್ಣಿನ ತಂದೆ, ಹರಪನಹಳ್ಳಿಯ ಆಚೆಗಿರುವ ತೆಲಿಗಿಯ ಹಾಲೇಶಪ್ಪ. ಮಾವ ಕೊಟ್ಟ ಗಾಡಿಯಾದ್ದರಿಂದ ಅದು ಕೆಟ್ಟರೂ ಅದನ್ನು ಬೈಯುವಂತಿರಲಿಲ್ಲ. ಬೈದರೆ ಬೀಗರನ್ನು ಬೈದಂತೆ. ಹೀಗಾಗಿ ಗಾಡಿ ನಿಂತಾಗೆಲ್ಲ ಬೈಗುಳಕ್ಕೆ ಉಳಿಯುತ್ತಿದ್ದವನು ಓಡಿಸುವವನೊಬ್ಬನೇ.

ಹಾಗೆ ನೋಡಿದರೆ ಅವನು ಆ ಬೈಗುಳವನ್ನು ಕೈಯಾರೆ ತಂದುಕೊಂಡಿದ್ದ. ಹಾಲೇಶಪ್ಪ ಒಳ್ಳೆಯ ಮನುಷ್ಯ, ಆದರೆ ಹೊಲದ ಬದುವಿನ ವ್ಯಾಜ್ಯವೊಂದನ್ನು ಹರಪನಹಳ್ಳಿ ಕೋರ್ಟಿನಲ್ಲಿ ಗೆದ್ದಿದ್ದರು. ಗೆದ್ದವರು ಸುಮ್ಮನಿರುವುದಿಲ್ಲ. ಅಳಿಯ ಬಂದು ಕಾಲು ತೊಳೆದು ಕೂತನೆಂದರೆ ವಿಚಾರಣೆಯ ಮೊದಲನೆಯ ವಾಯಿದೆಯಿಂದ ಶುರುಮಾಡುತ್ತಿದ್ದರು. ಒಂದು ವಾಯಿದೆಯನ್ನೂ ಬಿಡುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ತೆಲಿಗಿಗೆ ಹೊರಡುವ ಮುಂಚೆ ಪ್ರವೀಣಕುಮಾರ ಹೆಂಡತಿ ಅಮೃತಾಳ ಮುಂದೆ ನಗುತ್ತ ಅಂದುಬಿಟ್ಟಿದ್ದ:

"ನಿಮ್ಮಪ್ಪನ ವಾಯಿದೆ ಕೇಳೋದಕ್ಕಿಂತ ದಾರಿಯಾಗ ಗಾಡಿ ಕೆಟ್ಟು ನಿಂತ್ರ ಚಲೋ ನೋಡು."

ಗಾಡಿ ಆ ಮಾತನ್ನು ಕೇಳಿಸಿಕೊಂಡಿತೋ ಏನೋ, ದಾರಿಯಲ್ಲಿ ಕೆಟ್ಟು ನಿಂತಿತು.

ಹರಪನಹಳ್ಳಿ ಇನ್ನೂ ದೂರವಿರುವಾಗ ರಸ್ತೆಯ ಪಕ್ಕದಲ್ಲೊಂದು ದೊಡ್ಡ ಹುಣಸೆ ಮರ ಬರುತ್ತದೆ. ಅಲ್ಲಿಗೆ ಬರುತ್ತಲೇ ಇಂಜಿನ್ನು ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ಸುಮ್ಮನಾಯಿತು. ಪ್ರವೀಣಕುಮಾರ ಒದ್ದ. ಚೋಕ್ ಎಳೆದು ಒದ್ದ, ಚೋಕ್ ಬಿಟ್ಟು ಒದ್ದ. ಪ್ಲಗ್ಗು ಬಿಚ್ಚಿ ಅಂಗಿಯ ತುದಿಯಿಂದ ಒರೆಸಿದ. ಮರದ ನೆರಳಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಓಬಳೇಶಪ್ಪ ಎಂಬ ಕುರಿಗಾರ ಎದ್ದು ಬಂದು, ಗಾಡಿ ನಿಂತವರನ್ನು ಈ ಸೀಮೆಯಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದ:

"ಎಣ್ಣಿ ಐತೇನ್ರಿ ಸಾವ್ಕಾರ?"

ಪೆಟ್ರೋಲಿಗೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಪ್ರವೀಣಕುಮಾರ ಹ್ಯಾಂಡಲ್ಲು ಹಿಡಿದು ಗಾಡಿಯನ್ನು ಅತ್ತಿತ್ತ ಅಲ್ಲಾಡಿಸಿದ. ಒಳಗೆ ಭರ್ತಿ ತುಂಬಿದ ಸದ್ದು. ಬೀಗರೂರಿಗೆ ಹೋಗುವಾಗ ಟ್ಯಾಂಕು ತುಂಬಿಸಿಕೊಂಡೇ ಹೋಗುವುದು ಅವನ ಪದ್ಧತಿ. ಮಾವನ ಊರಿನಲ್ಲಿ ಎಣ್ಣೆಗೆ ಹುಡುಕಾಡುವುದು ಎಣ್ಣೆ ವ್ಯಾಪಾರಿಗೆ ಭೂಷಣವಲ್ಲ.

"ಮುಚ್ಚಳ ತಗದು ನೋಡ್ರಲ್ಲ."

"ಬ್ಯಾಡ. ನಮ್ಮವ್ವ ವಿಭೂತಿ ಹಚ್ಯಾಳ. ಊರು ಮುಟ್ಟೋ ತನಕ ಒಡಿಬಾರದು ಅಂದಾಳ."

ಓಬಳೇಶಪ್ಪನಿಗೆ ಅದು ಅರ್ಥವಾಯಿತು. ಅವನೂ ಅಂಥವುಗಳನ್ನು ಒಡೆಯುವ ಮನುಷ್ಯನಲ್ಲ.

ವಿಭೂತಿ ಹಚ್ಚಿದವರು ಪ್ರವೀಣಕುಮಾರನ ತಾಯಿ ಉಚ್ಚಂಗೆಮ್ಮ. ಗಂಡ ತೀರಿಕೊಂಡ ಮೇಲೆ ಎಣ್ಣೆ ಅಂಗಡಿಯ ಗಾದಿಯ ಮೇಲೆ ಕೂತು ಮಗನನ್ನು ಬೆಳೆಸಿದವರು. ಮಾತು ಕಡಿಮೆ, ಇರುವ ಮಾತು ಖಡಕ್ಕು. ಮಗ ಒಬ್ಬನೇ ಕೂಡ್ಲಿಗಿಗೋ ಉಜ್ಜಿನಿಗೋ ಹೋಗಿ ಬಂದರೆ ಅವರು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಸೊಸೆ ಹಿಂದೆ ಕೂತು ತೆಲಿಗಿಯ ದಾರಿ ಹಿಡಿದಾಗ ಮಾತ್ರ ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದು, ನೀರು ಮುಟ್ಟಿಸಿ ಅಂಗೈಯಲ್ಲಿ ತೇದು, ಆ ದುಂಡನೆಯ ಮುಚ್ಚಳದ ಮೇಲೆ ಮೂರು ಬೆರಳು ಎಳೆಯುತ್ತಿದ್ದರು. ಇಡೀ ಗಾಡಿಯಲ್ಲಿ ಲಿಂಗದ ಹಾಗೆ ಕಾಣುವ ಜಾಗ ಅದೊಂದೇ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪೇನಲ್ಲ.

ಬಹಳ ಹೊತ್ತು ಕಾದ ಮೇಲೆ ಗಾಡಿ ತಾನೇ ಮನಸ್ಸು ಬದಲಿಸಿ ಸ್ಟಾರ್ಟ್ ಆಯಿತು. ತುಸು ದೂರ ಹೋಗಿ ಮತ್ತೆ ನಿಂತಿತು. ಹೀಗೆ ನಿಂತು ನಿಂತು ಇಬ್ಬರೂ ತೆಲಿಗಿ ಮುಟ್ಟಿದಾಗ ಹಾಲೇಶಪ್ಪನವರು ಊಟ ಮುಗಿಸಿ ಮಲಗಿದ್ದರು. ವಾಯಿದೆಗಳು ಆ ದಿನ ತಪ್ಪಿದವು. ಅಮೃತಾ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಮರುದಿನ ತಿರುಗಿ ಬರುವಾಗ ಅದೇ ಗಾಡಿ, ಅದೇ ರಸ್ತೆ. ಎಲ್ಲೂ ನಿಲ್ಲದೆ, ಗಾಳಿಪಟ ಬಂದ ಹಾಗೆ ಕೊಟ್ಟೂರಿಗೆ ಬಂತು. ಆಗಲೂ ಅಮೃತಾ ನೋಡಿದಳು. 

ಎರಡನೆಯ ಸಲವೂ ಹಾಗೇ ಆಯಿತು. ಹೋಗುವಾಗ ಹುಣಸೆ ಮರದ ತುಸು ಈಚೆಗೆ ನಿಂತಿತು, ಬರುವಾಗ ನಿಲ್ಲಲಿಲ್ಲ. ಈ ಸಲ ಅವಳು ಮಾತಾಡಿದಳು. ಅವಳ ಮಾತು ದಾವಣಗೆರೆಯ ಕಡೆ ವಾಲುತ್ತದೆ. ಅತ್ತೆ 'ಐತಿ' ಅಂದರೆ ಸೊಸೆ 'ಐತೆ' ಅನ್ನುತ್ತಾಳೆ.

"ಕೂಡ್ಲಿಗಿಗೆ ಹೋಗ್ತೈತೆ. ಉಜ್ಜಿನಿಗೆ ಹೋಗ್ತೈತೆ. ತೆಲಿಗಿಯಿಂದ ಇಲ್ಲಿಗೂ ಬರ್ತೈತೆ. ಇಲ್ಲಿಂದ ತೆಲಿಗಿಗೆ ಅಷ್ಟೇ ಹೋಗಲ್ಲ. ಏನ್ರೀ ಇದು?"

"ನನಗೂ ತಿಳಿವಲ್ದು."

"ನನಗೆ ತಿಳಿದೈತೆ. ಬೇಕಂತ ನಿಲ್ಲಸ್ತೀರಿ. ಟ್ಯಾಂಕಿನ ಕೆಳಗೆ ಒಂದು ಕಾಕ್ ಇರ್ತೈತಂತೆ, ಅದನ್ನ ತಿರುವಿದ್ರೆ ಎಣ್ಣೆ ಬಂದ್ ಆಗ್ತೈತಂತೆ. ನಮ್ಮ ತಮ್ಮ ಹೇಳಿದ."

"ನಾ ತಿರುವಿಲ್ಲ."

"ಕಳ್ಳ ಯಾವತ್ತು ಒಪ್ಪಿಕೊಂಡಾನೆ."

ಬೇಕಂತ. ಈ ಒಂದು ಶಬ್ದ ಪ್ರವೀಣಕುಮಾರನ ಎದೆಯೊಳಗೆ ಮುಳ್ಳಾಗಿ ನಾಟಿತು. ಗಾಡಿಯನ್ನು ತಳ್ಳಿಕೊಂಡು ಬಸ್ ನಿಲ್ದಾಣದ ಎದುರಿನ ಹುಲುಗಣ್ಣನ ಗ್ಯಾರೇಜಿಗೆ ಹೋದ. ಹುಲುಗಣ್ಣನ ರೂಢಿಯೆಂದರೆ ಯಾವ ಗಾಡಿ ಬರಲಿ, ಸ್ಪ್ಯಾನರು ಹಿಡಿಯುವ ಮುಂಚೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಟ್ಯಾಂಕನ್ನು ಮೂಲೆ ಮುಡುಕು ಬಿಡದೆ ಒರೆಸುವುದು. ಕೆಲಸ ಆಗಲಿ ಬಿಡಲಿ, ಗಿರಾಕಿಗೆ ಹೊಳಪು ಕಾಣಬೇಕು ಎಂಬುದು ಅವನ ವ್ಯಾಪಾರದ ಗುಟ್ಟು. ಒರೆಸಿದ, ಕಾರ್ಬೊರೇಟರ್ ಬಿಚ್ಚಿ ಊದಿದ, ಪ್ಲಗ್ಗಿನ ಕಿಡಿ ನೋಡಿದ, ಬಸ್ ನಿಲ್ದಾಣವನ್ನು ಒಂದು ಸುತ್ತು ಹಾಕಿ ಬಂದ.

"ಸಾವ್ಕಾರ್ರ, ಗಾಡಿಗೇನೂ ಆಗಿಲ್ಲ. ಓಡ್ಸೋರಿಗೇನರ ಆಗೈತೇನು ನೋಡ್ರಿ."

"ನೀನೂ ಹಂಗ ಅಂತೀಯಲ್ಲೋ."

"ನಾ ಅಂದಿಲ್ರಿ. ಬಜಾರಾಗ ಅಂತಾರ. ಅತ್ತಿ ಮನಿ ಅಂದ್ರ ಅಳಿಯಗೂ ಆಗಂಗಿಲ್ಲ, ಗಾಡಿಗೂ ಆಗಂಗಿಲ್ಲ ಅಂತ."

ಈ ಹೊತ್ತಿಗೆ ಇನ್ನೊಂದು ವಾದವೂ ಊರು ಸೇರಿತ್ತು. ಅದನ್ನು ತಂದವನು ಓಬಳೇಶಪ್ಪ, ಸಂತೆಗೆ ಕುರಿ ಹೊಡೆದುಕೊಂಡು ಬಂದಾಗ. ಅಂಗಡಿಗೆ ಎಣ್ಣೆಗೆಂದು ಬಂದವನು ಗಾದಿಯ ಮೇಲಿದ್ದ ಉಚ್ಚಂಗೆಮ್ಮನಿಗೆ ದನಿ ಇಳಿಸಿ ಹೇಳಿದ:

"ಅಮ್ಮಾರ, ಹೇಳಬಾರದು, ಹೇಳ್ತೀನಿ. ಆ ಹುಣಸಿ ಮರದಾಗ ಗಾಳಿ ಐತಿ. ಹೋದ ವರ್ಷ ನಮ್ಮ ಟಗರು ಅಲ್ಲೇ ಬಿತ್ತು. ನಿಮ್ಮ ಗಾಡಿಗೆ ಗಾಳಿ ಸೋಕೈತಿ."

ಗಾಳಿ ಎಂದರೆ ದೆವ್ವ. ಮನುಷ್ಯರಿಗೆ ಗಾಳಿ ಸೋಕುವುದನ್ನು ಉಚ್ಚಂಗೆಮ್ಮ ಕಂಡಿದ್ದರು, ದನಕ್ಕೆ ಸೋಕಿದ್ದನ್ನು ಕೇಳಿದ್ದರು. ಕಬ್ಬಿಣಕ್ಕೆ ಸೋಕುತ್ತದೆಯೇ ಎಂಬುದು ಹೊಸ ಪ್ರಶ್ನೆ. ಸೋಕದು ಎಂದು ಹೇಳುವುದಕ್ಕೂ ಆಧಾರವಿರಲಿಲ್ಲ. ಅವರು ಅದಕ್ಕೆ ತಮಗೆ ಗೊತ್ತಿದ್ದ ಒಂದೇ ಔಷಧ ಮಾಡಿದರು: ಮುಂದಿನ ಸಲ ಮೂರು ಎಳೆಯ ಜಾಗದಲ್ಲಿ ಮುಚ್ಚಳದ ತುಂಬ ವಿಭೂತಿ ಮೆತ್ತಿದರು.

ಗಾಡಿ ಹುಣಸೆ ಮರದವರೆಗೂ ಹೋಗಲಿಲ್ಲ. ಅದಕ್ಕೂ ಬಹಳ ಈಚೆಗೆ, ಮರವೂ ಇಲ್ಲದ ನೆರಳೂ ಇಲ್ಲದ ಬಯಲಿನಲ್ಲಿ ನಿಂತಿತು. ಪ್ರವೀಣಕುಮಾರ ಒದೆಯತೊಡಗಿದ. ಅಮೃತಾ ಇಳಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರಸ್ತೆಯ ಆ ತುದಿಯನ್ನೇ ನೋಡುತ್ತ ನಿಂತಳು. ಹರಪನಹಳ್ಳಿಯ ಬಸ್ಸು ಬಂತು. ಅವಳು ಕೈ ಮಾಡಿದಳು.

"ಅಮೃತಾ, ಇನ್ನ ಸ್ವಲ್ಪ ಹೊತ್ತು ತಡಿ. ಆಗ್ತೈತಿ."

"ಆಗ್ಲಿ. ಆದ ಮೇಲೆ ಬರ್ರಿ."

ಬಸ್ಸು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಗಾಡಿ ಸ್ಟಾರ್ಟ್ ಆಯಿತು. ಆದರೆ ಹೆಂಡತಿ ಬಿಟ್ಟು ಹೋದ ಗಾಡಿಯ ಮೇಲೆ ಬೀಗರ ಮನೆಗೆ ಹೋಗುವ ಧೈರ್ಯ ಅವನಿಗಾಗಲಿಲ್ಲ. ತೆಲಿಗಿ ತಪ್ಪಿದ ಮೇಲೆ ವಿಭೂತಿ ಏಕೆಂದು ಒದ್ದೆ ಬಟ್ಟೆಯಿಂದ ಒರೆಸಿ, ತಿರುಗಿಸಿಕೊಂಡು ಮನೆಗೆ ಬಂದ.

ಮರುದಿನ ಅಂಗಡಿಗೆ ಫೋನು ಬಂತು. ಎತ್ತಿದವರು ಉಚ್ಚಂಗೆಮ್ಮ. ಆ ಕಡೆಯಿಂದ ಸೊಸೆ. ಅಳುವಿರಲಿಲ್ಲ, ಜಗಳವಿರಲಿಲ್ಲ, ಅದೇ ಉಚ್ಚಂಗೆಮ್ಮನಿಗೆ ಹೆದರಿಕೆ ಹುಟ್ಟಿಸಿತು.

"ಅತ್ತೆ, ನಾನು ಬಸ್ಸಿಗೆ ಬರೋದಿಲ್ಲ. ಅವರಿಗೆ ಹೇಳ್ರಿ, ಅದೇ ಗಾಡಿ ಮೇಲೆ ಬಂದು ಕರಕೊಂಡು ಹೋಗ್ಲಿ. ನಿಂತು ನಿಂತು ಬಂದ್ರೆ ನಾನು ಇಲ್ಲೇ. ನಮ್ಮಪ್ಪನ ಮನೆಗೆ ಬರೋಕೆ ಮನಸ್ಸಿಲ್ಲದೋರ ಮನೇಲಿ ನನಗೇನು ಕೆಲಸ?"

"ಮನಸಿಲ್ಲ ಅಂತ ಯಾರಂದಾರವ್ವ?"

"ಗಾಡಿ ಅಂತೈತಲ್ಲ ಅತ್ತೆ."

ಉಚ್ಚಂಗೆಮ್ಮ ಫೋನು ಇಟ್ಟು, ಡಬ್ಬಿಯ ಎಣ್ಣೆ ಸುರಿಯುತ್ತಿದ್ದ ಮಗನನ್ನು ಕರೆದರು.

"ಪರವೀಣ. ಖರೇ ಹೇಳು. ನೀನ ನಿಲ್ಲಸ್ತೀಯೇನು?"

"ನೀನೂ ಶುರು ಹಚ್ಚಿದೇನಬೇ?"

"ಹಂಗಾದ್ರ ನಾನೂ ಬರ್ತೀನಿ. ಹಿಂದ ಕುಂದರ್ತೀನಿ. ನಿನ್ನ ಕೈ ಎಲ್ಲಿ ಹೋಗ್ತಾವ ನೋಡ್ತೀನಿ. ನೀನು ತಪ್ಪು ಮಾಡಿಲ್ಲಂದ್ರ ಆಕಿ ಮುಂದ ನಾನ ಸಾಕ್ಷಿ ಹೇಳ್ತೀನಿ."

ಗಾಡಿ ಮನೆಗೆ ಬಂದಾಗಿನಿಂದ ಅವರು ಅದರ ಮೇಲೆ ಕೂತವರಲ್ಲ. ಆ ಬೆಳಿಗ್ಗೆ ಕೂತರು. ಕೂರುವ ಮುಂಚೆ, ಸೊಸೆಯನ್ನು ಮರಳಿ ತರುವ ಪ್ರಯಾಣವಾದ್ದರಿಂದ, ಹೊಸ ವಿಭೂತಿ ಗಟ್ಟಿ ಒಡೆದು ಮುಚ್ಚಳದ ತುಂಬ ಎರಡು ಪದರು ಮೆತ್ತಿದರು. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಟ್ಯಾಂಕು ಭರ್ತಿ. ದೇವರ ಹೆಸರು ಹೇಳಿದ್ದಾಯಿತು. ಗಾಡಿ ಒಂದೇ ಒದೆತಕ್ಕೆ ಎದ್ದಿತು.

ಊರ ಹೊರಗಿನ ಶೇಂಗಾ ಹೊಲಗಳು ಮುಗಿದು ಬಯಲು ಶುರುವಾಗುವಲ್ಲಿಗೆ ನಿಂತಿತು.

ಉಚ್ಚಂಗೆಮ್ಮ ಇಳಿದರು. ಮಗನ ಕೈಗಳು ಹ್ಯಾಂಡಲ್ಲು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅದನ್ನವರು ದಾರಿಯುದ್ದಕ್ಕೂ ಭುಜದ ಮೇಲಿಂದ ಬಗ್ಗಿ ಬಗ್ಗಿ ನೋಡಿದ್ದರು. ಅವನು ಒದೆಯುವುದನ್ನೂ ನೋಡಿದರು. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದನ್ನು ನೋಡಿದರು. ಅಲ್ಲಿಗೆ ಮಗನ ಬಗೆಗಿನ ಪ್ರಶ್ನೆ ಮುಗಿಯಿತು, ಗಾಡಿಯ ಬಗೆಗಿನದು ಉಳಿಯಿತು.

ಅಷ್ಟರಲ್ಲಿ ಪಕ್ಕದ ಬೀಳು ಹೊಲದಲ್ಲಿ ಮಂದೆ ಇಳಿಸಿದ್ದ ಓಬಳೇಶಪ್ಪ ಬಂದ. ನೋಡಿದ, ಅವನಿಗೇ ಮುಖ ಸಣ್ಣದಾಯಿತು.

"ಮೊದಲು ಮರದ ಹಂತೇಕ ಇತ್ತು. ಈಗ ಊರ ಕಡೀಗೆ ಬರಾಕ್ಹತ್ತೈತಿ ನೋಡ್ರಿ ಗಾಳಿ."

ಉಚ್ಚಂಗೆಮ್ಮ ಅವನತ್ತ ತಿರುಗಿದರು. "ಏನಂದಿ?"

"ಒಂದೊಂದು ಸಲಕ್ಕೂ ಕೊಟ್ಟೂರಿಗೆ ಸಮೀಪ ಸಮೀಪ ನಿಲ್ತೈತಲ್ರಿ ಗಾಡಿ."

ನಿಜ. ಅದನ್ನು ಅಲ್ಲಿಯವರೆಗೆ ಯಾರೂ ಹಾಗೆ ಸಾಲಾಗಿ ಇಟ್ಟು ನೋಡಿರಲಿಲ್ಲ. ವಿಭೂತಿ ಹೆಚ್ಚಾದಷ್ಟೂ ಗಾಳಿ ಓಡಬೇಕು. ಇದು ಹತ್ತಿರ ಬರುತ್ತಿತ್ತು. ಉಚ್ಚಂಗೆಮ್ಮನಿಗೆ ಇದು ಸರಿ ಕಾಣಲಿಲ್ಲ. ಅವರು ಮಾಡಿದ ಔಷಧ ಯಾವುದೂ ಹಿಂದೆ ಹೀಗೆ ತಿರುಗಿ ಬಿದ್ದಿರಲಿಲ್ಲ.

"ಪರವೀಣ, ಎಣ್ಣಿ ಐತೋ ಇಲ್ಲೋ, ಮುಚ್ಚಳ ತಗದು ನೋಡು."

"ತುಂಬೈತಬೇ. ಮತ್ತ ವಿಭೂತಿ ಒಡಿಬಾರದು ಅಂತ ನೀನ ಹೇಳಿದ್ದಿ."

"ಹಚ್ಚಿದಾಕಿ ನಾನು. ಸರಿ, ನಾನ ತಗೀತೀನಿ."

ಬಿಸಿಲಿಗೆ ವಿಭೂತಿ ಒಣಗಿ ಗಾರೆಯ ಹಾಗಾಗಿತ್ತು. ಅವರು ಮನಸ್ಸಿನಲ್ಲೇ ಕ್ಷಮೆ ಕೇಳಿ ಎರಡೂ ಕೈಯಿಂದ ಮುಚ್ಚಳ ತಿರುವಿದರು. ಒಣಗಿದ ಅಂಚು ಪಟ್ಟೆಂದಿತು. ಆಮೇಲೆ ಟ್ಯಾಂಕಿನ ಒಳಗೆಲ್ಲೋ ಒಂದು ಸದ್ದು ಬಂತು: ಸುಂಯ್. ಬಹಳ ಹೊತ್ತು ಉಸಿರು ಹಿಡಿದವರು ಬಾಯಿ ತೆರೆದರೆ ಬರುವಂಥದ್ದು.

ಉಚ್ಚಂಗೆಮ್ಮ ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತರು. ಈ ಸದ್ದು ಅವರಿಗೆ ಹೊಸದಲ್ಲ. ಗಂಡ ಇದ್ದ ಕಾಲದಿಂದ ದಿನಾ ಕೇಳಿದ ಸದ್ದು.

"ಎಳಕೊಂತು," ಅಂದರು.

"ಏನು?"

"ಗಾಳಿ."

"ನಾ ಹೇಳಿದ್ದಿಲ್ಲೇನ್ರಿ ಗಾಳಿ ಐತಂತ," ಅಂದ ಓಬಳೇಶಪ್ಪ.

"ಇಲ್ಲಪ್ಪ. ಗಾಳಿ ಇಲ್ಲ. ಅದಕ್ಕ ನಿಂತೈತಿ." ಅವರು ಮಗನ ಕಡೆ ನೋಡಿದರು. "ಎಣ್ಣಿ ಡಬ್ಬಿಗೆ ಎಷ್ಟು ತೂತು ಹೊಡೀತೀಯಪ್ಪ ನೀನು?"

ಪ್ರವೀಣಕುಮಾರನಿಗೆ ತಾಯಿಗೆ ಬಿಸಿಲು ಹತ್ತಿತೋ ಎಂದು ಅನುಮಾನವಾಯಿತು. ಆದರೂ ಹೇಳಿದ: "ಎರಡು."

"ಎರಡು ಯಾಕ?"

"ಒಂದ ಹೊಡದ್ರ ಎಣ್ಣಿ ಎಲ್ಲಿ ಇಳೀತೈತಿ? ಗುಳುಕ್ ಅಂತೈತಿ, ನಿಂತುಬಿಡ್ತೈತಿ. ಎಣ್ಣಿ ಹೊರಗ ಬರಬೇಕಂದ್ರ ಗಾಳಿ ಒಳಗ ಹೋಗಬೇಕು. ಅದಕ್ಕ ಇನ್ನೊಂದು..."

ಅಲ್ಲಿಗೆ ಅವನ ಮಾತು ನಿಂತಿತು. ತಾಯಿ ಮಗ ಇಬ್ಬರೂ ಟ್ಯಾಂಕನ್ನು ನೋಡಿದರು. ದಿನಬೆಳಗಾದರೆ ಮೊಳೆ ಸುತ್ತಿಗೆ ಹಿಡಿದು ಡಬ್ಬಿಗಳಿಗೆ ಎರಡೆರಡು ತೂತು ಹೊಡೆಯುವ ಮನೆತನ ಅದು. ಎಲ್ಲರೂ ಪೆಟ್ರೋಲನ್ನು ಎಣ್ಣೆ ಎಂದೇ ಕರೆಯುತ್ತಿದ್ದರು. ಆದರೂ ಟ್ಯಾಂಕೆಂದರೆ ಒಂದು ಎಣ್ಣೆ ಡಬ್ಬಿ ಎಂಬುದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಇದರ ಎರಡನೇ ತೂತು ಎಲ್ಲೈತಿ?" ಅಂದರು ಉಚ್ಚಂಗೆಮ್ಮ.

ಕೆಳಗೆ ಕಾಕಿನ ಕಡೆ ಒಂದು, ಅದು ಎಣ್ಣೆಯದು. ಟ್ಯಾಂಕಿನ ಸುತ್ತ ಬೆರಳಾಡಿಸಿದರೆ ಇನ್ನೊಂದು ಸಿಗಲಿಲ್ಲ. ಓಬಳೇಶಪ್ಪ ಸೊಂಟದಿಂದ ಕುರಿಯ ಕಾಲಿನ ಮುಳ್ಳು ಕೀಳುವ ಚಿಮಟ ತೆಗೆದು ಕೊಟ್ಟ. ಅದರ ಜೊತೆಗೊಂದು ಸೂಜಿಯಂಥ ಕಡ್ಡಿ ಇರುತ್ತದೆ. ಉಚ್ಚಂಗೆಮ್ಮ ಮುಚ್ಚಳದ ವಿಭೂತಿಯನ್ನು ಕೆರೆಯುತ್ತ ಹೋದರು. ನಡುವಿನ ಉಬ್ಬಿನ ಪಕ್ಕದಲ್ಲಿ ಕಡ್ಡಿಯ ಮೊನೆ ಒಂದು ಕಡೆ ತಟ್ಟನೆ ಒಳಗಿಳಿಯಿತು. ಬಿಳಿ ಪುಡಿ ಉದುರಿತು. ಮುಚ್ಚಳ ಎತ್ತಿ ಬಿಸಿಲಿಗೆ ಹಿಡಿದರೆ ಎಳ್ಳಿಗಿಂತ ಸಣ್ಣದೊಂದು ಬೆಳಕು.

ಅವರು ಅದನ್ನು ನೋಡಿ, ಆಮೇಲೆ ತಮ್ಮ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡರು.

ಮುಚ್ಚಳ ಹಾಕಿ ಒದ್ದರೆ ಗಾಡಿ ಎರಡನೆಯ ಒದೆತಕ್ಕೆ ಎದ್ದಿತು. ಓಬಳೇಶಪ್ಪ ಚಿಮಟ ವಾಪಸು ತೆಗೆದುಕೊಂಡು, ಗಾಳಿ ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ ಎಂಬಂತೆ ತಲೆ ಆಡಿಸುತ್ತ ಕುರಿಗಳ ಕಡೆ ಹೋದ.

ಅಲ್ಲಿಂದ ಮುಂದೆ ಗಾಡಿ ಎಲ್ಲೂ ನಿಲ್ಲಲಿಲ್ಲ. ಹುಣಸೆ ಮರವನ್ನು ದಾಟುವಾಗ ಪ್ರವೀಣಕುಮಾರ ಹಿಂದೆ ತಿರುಗದೆ ಹೇಳಿದ:

"ಅವ್ವಾ, ಆಕಿ ಕೇಳಿದ್ರ ಎಲ್ಲೂ ನಿಂದರಲಿಲ್ಲ ಅಂದುಬಿಡು."

"ಯಾಕ?"

"ಇಷ್ಟು ದಿನ ಬೇಕಂತ ನಿಲ್ಲಸಾಂವ ನಾನಾಗಿದ್ದೆ. ಇದನ್ನ ಹೇಳಿದ್ರ ಇನ್ನ ಮುಂದ ನೀನಾಗ್ತಿ. ಸೊಸಿ ತವರಿಗೆ ಹೋಗಬಾರದಂತ ಅತ್ತಿ ಮಾಡಿಸಿಟ್ಟಾಳ ಅಂತಾರ. ಬಜಾರಿಗೆ ಇನ್ನೇನು ಬೇಕು?"

ಉಚ್ಚಂಗೆಮ್ಮ ಬೆರಳಿಗೆ ಅಂಟಿದ್ದ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡರು. ತೆಲಿಗಿ ಬಂತು.

ಹಾಲೇಶಪ್ಪನವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಳಿಯ ಬಂದರೆ ಅವನ ಕಾಲಿಗೆ ನೀರು, ಅವನ ಗಾಡಿಗೂ ನೀರು. ಆಳು ಪಕ್ಕೀರಪ್ಪ ಕೊಡ ತಂದು ಗಾಡಿಯ ತಲೆಯ ಮೇಲಿಂದ ಸುರಿಯತೊಡಗಿದ. ಅಮೃತಾ ಹೊಸ್ತಿಲಲ್ಲಿ ನಿಂತಿದ್ದಳು. ಅತ್ತೆ ಗಾಡಿಯ ಮೇಲೆ ಬಂದದ್ದನ್ನು ಕಂಡು ಅವಳ ಮುಖ ತುಸು ಅಲ್ಲಾಡಿತು, ಆದರೆ ಕೇಳಬೇಕಾದ್ದನ್ನು ಬಿಡಲಿಲ್ಲ.

"ನಿಂತಿತ್ತಾ?"

ಪ್ರವೀಣಕುಮಾರ ಬಾಯಿ ತೆರೆಯುವ ಮುಂಚೆ ಉಚ್ಚಂಗೆಮ್ಮ ಹೇಳಿದರು:

"ನಿಂತಿತ್ತವ್ವ. ನಿಲ್ಲಿಸಿದಾಕಿ ನಾನು. ಇಷ್ಟು ಸಲ ನಿಲ್ಲಿಸಿದಾಕೀನೂ ನಾನ. ನಿನ್ನ ಗಂಡ ಅಲ್ಲ."

ಅಂಗಳದಲ್ಲಿ ಪಕ್ಕೀರಪ್ಪನ ಕೊಡ ಅರ್ಧಕ್ಕೆ ನಿಂತಿತು. ಹಾಲೇಶಪ್ಪನವರು ಹೊಸ ವ್ಯಾಜ್ಯದ ವಾಸನೆ ಹಿಡಿದು ಜಗುಲಿಯ ತುದಿಗೆ ಬಂದು ಕೂತರು. ಉಚ್ಚಂಗೆಮ್ಮ ಡಬ್ಬಿ, ಎರಡು ತೂತು, ವಿಭೂತಿ, ಸುಂಯ್, ಎಲ್ಲವನ್ನೂ ಅಂಗಡಿಯಲ್ಲಿ ದರ ಹೇಳುವ ದನಿಯಲ್ಲೇ ಹೇಳಿದರು. ಕೊನೆಗೆ, "ಬೇಕಂತ ಮಾಡಿಲ್ಲ. ಆದರ ಮಾಡಿದಾಕಿ ನಾನ. ಇನ್ನ ನೀನು ಬರೋದು ಬಿಡೋದು ನಿನಗ ಬಿಟ್ಟಿದ್ದು," ಅಂದರು.

ಸೊಸೆ ಕೂಗಾಡಿದ್ದರೆ ಉಚ್ಚಂಗೆಮ್ಮ ಅದಕ್ಕೆ ತಯಾರಿದ್ದರು. ಅವಳು ಕೂಗಾಡಲಿಲ್ಲ. ಹೊಸ್ತಿಲು ದಾಟಿ ಬಂದು ಗಾಡಿಯ ಮೇಲೆ ಬಗ್ಗಿ ಮುಚ್ಚಳವನ್ನು ನೋಡಿದಳು. ಆಮೇಲೆ ಪಕ್ಕೀರಪ್ಪನ ಕೈಯ ಕೊಡವನ್ನು ನೋಡಿದಳು.

"ಅದಕ್ಕೇ ತಿರುಗಿ ಹೋಗುವಾಗ ನಿಲ್ತಿರಲಿಲ್ಲ," ಅಂದಳು ತನ್ನಷ್ಟಕ್ಕೆ. "ಇವನು ತೊಳೆದುಬಿಡ್ತಿದ್ದ."

"ಹೌದಲ್ಲ," ಅಂದ ಪ್ರವೀಣಕುಮಾರ. ಅದು ಅವನಿಗೂ ಹೊಳೆದಿರಲಿಲ್ಲ.

"ಸುಮ್ಮನಿರ್ರಿ. ನಾ ಇನ್ನೂ ಒಪ್ಪಿಲ್ಲ. ಇದು ಕೇಳಿದ್ದು, ನೋಡಿದ್ದಲ್ಲ. ತಾಯಿ ಮಗ ದಾರಿಯಾಗೆ ಕೂಡಿ ಕಟ್ಟಿದ ಕಥೆ ಆದ್ರೂ ಆಗಬಹುದು." ಅವಳು ನೆಟ್ಟಗಾದಳು. "ಇವತ್ತು ಇದೇ ಗಾಡಿ ಮೇಲೆ ಕೊಟ್ಟೂರಿನ ಕಡೆ ಹೋಗೋಣ. ಆ ದಿಕ್ಕಿಗೆ ಯಾವತ್ತೂ ನಿಂತಿಲ್ಲ. ನಾನೇ ವಿಭೂತಿ ಹಚ್ತೀನಿ. ನಿಂತ್ರೆ ಅತ್ತೆ ಮಾತು ಖರೆ. ನಿಲ್ಲದಿದ್ರೆ ಕೊಟ್ಟೂರಿನಿಂದ ನಾನು ಬಸ್ಸಿಗೆ ತೆಲಿಗಿಗೆ ವಾಪಸ್."

ಹೀಗೆ ಆ ಗಾಡಿಯ ಜನ್ಮದಲ್ಲಿ ಮೊದಲ ಬಾರಿಗೆ, ಅದು ನಿಲ್ಲಲಿ ಎಂದು ಅದರ ಮಾಲೀಕನೇ ಹರಸಿಕೊಳ್ಳಬೇಕಾಯಿತು.

ಹಾಲೇಶಪ್ಪನವರಿಗೆ ಒಂದೇ ಆಕ್ಷೇಪವಿತ್ತು. "ನಮ್ಮ ಮನೆ ವಿಭೂತಿಗೆ ನಿಲ್ಲೋದಿಲ್ಲ ಬಿಡ್ರಿ ಬೀಗ್ತಿ. ಇದು ಶುದ್ಧ ಸಗಣಿ ಸುಟ್ಟು ಮಾಡಿದ್ದು."

"ನಮ್ದೇನು ಸುಣ್ಣ ಅಂತ ತಿಳದೀರೇನ್ರಿ ಬೀಗರ?" ಅಂದರು ಉಚ್ಚಂಗೆಮ್ಮ.

ಊಟವಾಯಿತು. ವಾಯಿದೆಗಳೂ ಆದವು, ಪ್ರವೀಣಕುಮಾರ ಮೊದಲನೆಯದರಿಂದ ಕೊನೆಯದರವರೆಗೆ ಒಂದು ಆಕಳಿಕೆಯನ್ನೂ ತೋರಿಸದೆ ಕೇಳಿದ. ಬಿಸಿಲಿಳಿದ ಮೇಲೆ ಇಬ್ಬರೂ ಹೊರಟರು. ಗಾಡಿಯಲ್ಲಿ ಜಾಗವಿಲ್ಲದ್ದರಿಂದ ಉಚ್ಚಂಗೆಮ್ಮ ಹಿಂದಿನಿಂದ ಬಸ್ಸಿಗೆ ಬರುವುದೆಂದಾಯಿತು.

ಅಮೃತಾ ಪರೀಕ್ಷೆಯನ್ನು ಸಡಿಲ ಬಿಡುವವಳಲ್ಲ. ಹರಪನಹಳ್ಳಿಯ ಬಂಕಿನಲ್ಲಿ ಮೊದಲು ಟ್ಯಾಂಕು ತುಂಬಿಸಿದಳು. ಪ್ರತಿ ಸಲವೂ ತುಂಬಿದ್ದಾಗಲೇ ಅಲ್ಲವೇ ನಿಂತದ್ದು. ಆಮೇಲೆ ಕೆಳಗಿನ ಕಾಕನ್ನು ತೆರೆದ ಸ್ಥಿತಿಯಲ್ಲಿಟ್ಟು ದಾರದಿಂದ ಬಿಗಿದು, ಯಾರೂ ಬಿಚ್ಚಿ ಮತ್ತೆ ಹಾಕಲಾರದಂಥ ಗಂಟು ಹಾಕಿದಳು. ಕರವಸ್ತ್ರದಲ್ಲಿ ತಂದಿದ್ದ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಅತ್ತೆ ಹೇಳಿದ ಹಾಗೇ ಎರಡು ಪದರು ಮೆತ್ತಿ ಒಣಗಲು ಬಿಟ್ಟಳು. ಬಂಕಿನವನು ಇದೆಲ್ಲವನ್ನೂ ನೋಡಿ, "ಹೊಸ ಗಾಡಿ ಏನ್ರೀ?" ಅಂದ. "ಹಳೇದೇ. ಪರೀಕ್ಷೆಗೆ ಕೂಡಿಸೀವಿ," ಅಂದಳು.

ಹರಪನಹಳ್ಳಿ ಬಿಟ್ಟರು. ಗಾಡಿ ಚೆನ್ನಾಗಿ ಓಡಿತು. ಬಹಳ ಚೆನ್ನಾಗಿ ಓಡಿತು. ಪ್ರವೀಣಕುಮಾರನ ಬೆನ್ನು ಬೆವರತೊಡಗಿತು. ಒಂದು ಹಳ್ಳ ದಾಟಿದರು, ಒಂದು ಏರು ಏರಿದರು.  ಇನ್ನು ಸ್ವಲ್ಪ ಹೊತ್ತು ಹೀಗೇ ಓಡಿದರೆ ತನ್ನ ಸಂಸಾರ ಮುಗಿಯಿತು ಎಂದು ಅವನು ಅಂದುಕೊಳ್ಳುತ್ತಿರುವಾಗ ಇಂಜಿನ್ನು ಬಿಕ್ಕಿತು. ಇನ್ನೊಮ್ಮೆ ಬಿಕ್ಕಿತು. ಸುಮ್ಮನಾಯಿತು.

ಗಾಡಿ ನಿಂತದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ಆ ರಸ್ತೆ ಕಂಡಿರಲಿಲ್ಲ.

"ಕೈ ಹಿಂದೆ ಕಟ್ಟಿ ದೂರ ನಿಲ್ರಿ," ಅಂದಳು ಅಮೃತಾ. ಬಗ್ಗಿ ಗಂಟು ನೋಡಿದಳು. ಗಂಟು ಅವಳದೇ. ಗಂಡನನ್ನು ಕರೆದು ಒದೆಯಿಸಿದಳು, ಎದ್ದೇಳಲಿಲ್ಲ. ಇನ್ನಷ್ಟು ಒದೆಯಿಸಿದಳು, ಅದರಲ್ಲಿ ಕೆಲವು ಒದೆತಗಳು ಪರೀಕ್ಷೆಗೆ ಬೇಕಾದವಲ್ಲ. ಆಮೇಲೆ ಎರಡೂ ಕೈಯಿಂದ ಮುಚ್ಚಳ ಹಿಡಿದು ಕಿವಿಯನ್ನು ಟ್ಯಾಂಕಿಗೆ ಹತ್ತಿರ ತಂದು ತಿರುವಿದಳು.

ಸುಂಯ್.

ಅವಳು ತಲೆ ಎತ್ತಿ ಗಂಡನನ್ನು ನೋಡಿದಳು. "ನೀವು ಕೇಳಿದ್ರಾ?"

"ಕೇಳಿದೆ."

"ಅತ್ತೆ ಹೇಳಿದಂಗೇ ಐತೆ. ಬಾಯಿ ತೆರೆದಂಗೆ." ಅವಳ ಮುಖದ ಮೇಲೆ ಸಿಟ್ಟು ಇದ್ದ ಜಾಗದಲ್ಲಿ ಬೇರೆ ಏನೋ ಬಂದು ಕೂತಿತ್ತು. "ಈಗ ಒದೀರಿ."

ಎದ್ದಿತು. ಅವಳು ಕೈ ಅಡ್ಡ ಮಾಡಿದಳು. "ಬಂದ್ ಮಾಡ್ರಿ. ಅದೇ ವಿಭೂತಿ ಮುಚ್ಚಳ ಮತ್ತೆ ಹಾಕಿ ನೋಡೋಣ. ಎಷ್ಟು ಹೊತ್ತಿಗೆ ನಿಲ್ತೈತೆ ಗೊತ್ತಾಗಬೇಕಲ್ಲ."

"ಅಮೃತಾ, ಕತ್ತಲಾಗ್ತೈತಿ."

"ಆಗ್ಲಿ. ನೀವು ನನ್ನ ಕೂಡ ಇಷ್ಟು ಸಲ ರಸ್ತೆಯಾಗೆ ನಿಂತೀರಿ. ಇನ್ನೊಂದು ಸಲ ನಿಲ್ಲೋಕೆ ಏನು ಕಷ್ಟ?"

ಹರಪನಹಳ್ಳಿಯಿಂದ ಕೊಟ್ಟೂರಿಗೆ ಬರುವ ಬಸ್ಸು ಆ ಹೊತ್ತಿಗೆ ಅಲ್ಲಿಗೆ ಬಂತು. ಕಿಟಕಿಯ ಪಕ್ಕದಲ್ಲಿ ಉಚ್ಚಂಗೆಮ್ಮ ಕೂತಿದ್ದರು. ರಸ್ತೆಯ ಬದಿಗೆ ಗಾಡಿ ನಿಂತಿತ್ತು. ಮಗ, ಸೊಸೆ ಇಬ್ಬರೂ ಟ್ಯಾಂಕಿನ ಮೇಲೆ ಬಗ್ಗಿ, ತಲೆಗೆ ತಲೆ ತಾಗಿಸಿಕೊಂಡು ಮುಚ್ಚಳದೊಳಗೆ ಏನನ್ನೋ ನೋಡುತ್ತಿದ್ದರು. ಬಸ್ಸು ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ.

ಕಂಡಕ್ಟರ್ ಊರಿನ ಪರಿಚಯದವನು. "ಅಮ್ಮಾರ, ನಿಮ್ಮವರು. ಗಾಡಿ ಮತ್ತ ಕೆಟ್ಟೈತಿ. ನಿಲ್ಲಸ್ಲೇನ್ರಿ?"

"ಬ್ಯಾಡಪ್ಪ, ಹೋಗು," ಅಂದರು ಉಚ್ಚಂಗೆಮ್ಮ. "ಅವರು ಬೇಕಂತ ನಿಂತಾರ."

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಗಾಡಿ ಕೊಟ್ಟೂರು ಮುಟ್ಟಿತು. ಅಮೃತಾ ಅದರ ಮೇಲೇ ಬಂದಳು. ವಿಭೂತಿಯನ್ನು ಈಗ ಹೆಡ್‌ಲೈಟಿಗೆ ಹಚ್ಚುತ್ತಾರೆ.